ಪ್ರೊಜೆಕ್ಟರ್ ಬಿಟ್ಟು ಅಡಿಕೆ ಧಾರಣೆ ಹಿಡಿದ ಮೇಲೆ

ವಾಟ್ಸಾಪ್‌ನಲ್ಲಿ ಬಂದದ್ದನ್ನು ತೂಗಿ ನೋಡುವುದನ್ನು ಅರವತ್ತು ದಾಟಿದವರಿಗೆ ಕಲಿಸಲು ಸಾಧ್ಯವೇ ಇಲ್ಲ ಎಂದು ವಾದಿಸಿದವರೇ ಈಗ ನಮ್ಮ ಕಾರ್ಡಿನ ಕಟ್ಟು ಕೇಳಿಕೊಂಡು ಬರುತ್ತಿದ್ದಾರೆ. ಕಾರ್ಡಿಗೊಂದು ಸುದ್ದಿ, ಅವನ್ನು ನಿಜ, ಸುಳ್ಳು, ‘ಈಗಲೇ ಹೇಳಲಾಗದು’ ಎಂದು ಮೂರು ರಾಶಿ ಮಾಡುವುದೇ ಆಟ. ಹಾಗಾಗಿ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಇದು ಹೇಗೆ ನಡೆಯುತ್ತದೆ ಎಂದು ಬರೆಯುತ್ತಿದ್ದೇನೆ. ಫೋಟೋದ ಮೂಲ ಹುಡುಕುವ ಗೂಗಲ್ ಲೆನ್ಸ್ ಬಳಸುವುದು ಹೇಗೆ, ಕೇಂದ್ರ ಸರ್ಕಾರದ ಸುದ್ದಿ ಪರಿಶೀಲನಾ ವಿಭಾಗವಾದ ಪಿಐಬಿ ಫ್ಯಾಕ್ಟ್ ಚೆಕ್ ಅಂದರೇನು ಎಂಬುದೆಲ್ಲ ಈ ಕೆಲಸ ಮಾಡುವವರಿಗೆ ಗೊತ್ತಿರುವುದೇ.

ಕೈಕೊಟ್ಟದ್ದನ್ನು ಮೊದಲು ಹೇಳಿಬಿಡುತ್ತೇನೆ. ಪ್ರೊಜೆಕ್ಟರ್ ಬಾಡಿಗೆ ಸಾವಿರದ ಆಸುಪಾಸು, ಸ್ಪೀಕರ್ ಐನೂರು, ಓಮ್ನಿ ಬಾಡಿಗೆ, ಜನರಿಗೆ ತಿಂಡಿ ಎಲ್ಲ ಸೇರಿ ಒಂದು ಸಭೆಗೆ ನಾಲ್ಕು ಸಾವಿರದ ಹತ್ತಿರ ಏಳುತ್ತಿತ್ತು. ಮಳೆಗಾಲದಲ್ಲಿ ಕರೆಂಟ್ ಹೋದರೆ ಅಷ್ಟೂ ದುಡ್ಡು ನೀರಿಗೆ. ಕರೆಂಟ್ ಇದ್ದ ದಿನ ಜನ ತಲೆದೂಗಿ ಮನೆಗೆ ಹೋಗಿ ಅದೇ ಸಂಜೆ ಚಿರತೆಯ ಹಳೇ ಫೋಟೋವನ್ನು ಹೊಸದೆಂದು ಕಳಿಸುತ್ತಿದ್ದರು. ಸಭೆ ನಡೆಯುವ ಕಡೆ ನೆಟ್‌ವರ್ಕ್ ಇಲ್ಲದ್ದರಿಂದ ಫೋಟೋ ಹುಡುಕಿ ತೋರಿಸುವ ಪಾಠ ಅರ್ಧಕ್ಕೇ ನಿಲ್ಲುತ್ತಿತ್ತು.

ಎಲ್ಲಕ್ಕಿಂತ ಕೆಟ್ಟದ್ದು ಸ್ಲೈಡ್‌ಗಳೆಲ್ಲ ಸುಳ್ಳು ಸುದ್ದಿಯವೇ ಆಗಿದ್ದದ್ದು. ಒಂದರ ಮೇಲೊಂದು ಸುಳ್ಳು ನೋಡಿದವರು ಕಲಿಯುವುದು ಒಂದೇ, ‘ಮೊಬೈಲ್‌ನಲ್ಲಿ ಬರುವುದೆಲ್ಲ ಬೋಗಸ್’. ಆಮೇಲೆ ಆರೋಗ್ಯ ಇಲಾಖೆ ಮಂಗನ ಕಾಯಿಲೆ ಬಗ್ಗೆ ಕಳಿಸಿದ ನಿಜವಾದ ಎಚ್ಚರಿಕೆಯನ್ನೂ ಅದೇ ಬುಟ್ಟಿಗೆ ಹಾಕುತ್ತಾರೆ. ಎಲ್ಲವನ್ನೂ ನಂಬುವವನಿಗಿಂತ ಯಾವುದನ್ನೂ ನಂಬದವನು ಊರಿಗೆ ಹೆಚ್ಚು ತೊಂದರೆ. ಈ ಕೆಲಸಕ್ಕೆ ಇಳಿಯುವವರು ಬೇರೇನು ಬಿಟ್ಟರೂ ಇದೊಂದನ್ನು ಬಿಡಬಾರದು: ನಿಜ ಮತ್ತು ಸುಳ್ಳು ಸರಿಸುಮಾರು ಸಮನಾಗಿರಬೇಕು.

ಈಗಿನ ಕಟ್ಟಿನಲ್ಲಿ 20 ಕಾರ್ಡು. 9 ನಿಜ, 8 ಸುಳ್ಳು, 3 ‘ಈಗಲೇ ಹೇಳಲಾಗದು’. ಎ4 ಹಾಳೆಯ ಅರ್ಧ ಅಳತೆ, ದಪ್ಪ ಅಕ್ಷರ. ಮೊದಲು ಕತ್ತರಿಸಿ ಆಮೇಲೆ ಲ್ಯಾಮಿನೇಶನ್ ಮಾಡಿಸಬೇಕು. ಇಡೀ ಹಾಳೆ ಮಾಡಿಸಿ ಆಮೇಲೆ ಕತ್ತರಿಸಿದರೆ ಅಂಚು ಬಿಟ್ಟುಕೊಂಡು ಒಂದೇ ಮಳೆಗಾಲದ ಥಂಡಿಗೆ ಒಳಗೆ ಬೂಸಲು ಹಿಡಿಯುತ್ತದೆ. ಹೊಳೆಯುವ ಹಾಳೆ ಬೇಡ, ಟ್ಯೂಬ್‌ಲೈಟ್ ಬೆಳಕಿಗೆ ವಯಸ್ಸಾದವರಿಗೆ ಅಕ್ಷರ ಕಾಣುವುದಿಲ್ಲ. ಕಲರ್ ಪ್ರಿಂಟ್ ಫೋಟೋ ಕಾರ್ಡಿಗೆ ಮಾತ್ರ, ಉಳಿದದ್ದಕ್ಕೆ ಜೆರಾಕ್ಸ್ ಸಾಕು. ಒಂದು ಕಟ್ಟಿಗೆ ನಾನೂರು ಚಿಲ್ಲರೆ, ಆರು ಗುಂಪಿಗೆ ಆರು ಕಟ್ಟು ಅಂದರೆ ಎರಡೂವರೆ ಸಾವಿರ, ಅದೂ ಒಂದೇ ಸಲದ ಖರ್ಚು. ಆಮೇಲೆ ಸಭೆಗೆ ಚಹಾ, ಮಂಡಕ್ಕಿ, ಪೆಟ್ರೋಲ್ ಸೇರಿ ಐನೂರು ಆರುನೂರು ಅಷ್ಟೇ. ಜಾಗಕ್ಕೆ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರ ಇಲ್ಲವೇ ಸ್ತ್ರೀಶಕ್ತಿ ಸಂಘದ ವಾರದ ಸಭೆ. ಬೇರೆ ಸಭೆ ಕರೆದರೆ ಯಾರೂ ಬರುವುದಿಲ್ಲ, ಕೂಡಿರುವ ಜನರ ಹತ್ತಿರ ನಾವೇ ಹೋಗಬೇಕು.

ಗುಂಪಿಗೆ ನಾಲ್ವರು: ಅರವತ್ತು ದಾಟಿದವರೊಬ್ಬರು, ಸಂಸಾರಸ್ಥರಿಬ್ಬರು, ಹೈಸ್ಕೂಲಿನ ಹುಡುಗ ಅಥವಾ ಹುಡುಗಿ ಒಬ್ಬರು. ಫೋನು ಹಿರಿಯರ ಕೈಯಲ್ಲೇ ಇರಬೇಕು, ಮಕ್ಕಳು ಬಾಯಲ್ಲಿ ಹೇಳಬಹುದು, ಮುಟ್ಟುವಂತಿಲ್ಲ. ಈ ನಿಯಮ ಸಡಿಲವಾದ ಕಡೆ ಹುಡುಗರು ‘ಕೊಡಿ ಅಜ್ಜ’ ಎಂದು ಕಸಿದು ತಾವೇ ಮುಗಿಸುತ್ತಾರೆ, ಅಜ್ಜ ಬಂದ ಹಾಗೇ ಮನೆಗೆ ಹೋಗುತ್ತಾರೆ.

ಸರಿಯಾದ ರಾಶಿಗೆ ಹಾಕಿದರೆ ಒಂದು ಅಂಕ. ಸುಳ್ಳನ್ನು ನಿಜ ಎಂದರೆ ಒಂದು ಕಳೆಯುತ್ತದೆ, ನಿಜವನ್ನು ಸುಳ್ಳು ಎಂದರೂ ಅಷ್ಟೇ. ‘ಈಗಲೇ ಹೇಳಲಾಗದು’ ರಾಶಿಯಲ್ಲಿ ಐದಕ್ಕಿಂತ ಹೆಚ್ಚು ಇಡುವ ಹಾಗಿಲ್ಲ. ಈ ಮಿತಿ ಇಲ್ಲದಿದ್ದರೆ ಬುದ್ಧಿವಂತರು ಎಲ್ಲವನ್ನೂ ಅಲ್ಲೇ ತುಂಬಿ ಕೈಕಟ್ಟಿ ಕೂರುತ್ತಾರೆ.

ಮೊದಲ ಕಾರ್ಡು ಯಾವತ್ತೂ ಅಡಿಕೆ ಧಾರಣೆಯದ್ದೇ. ರಾಜಕೀಯದಿಂದ ಶುರು ಮಾಡಿದರೆ ಹತ್ತು ನಿಮಿಷದಲ್ಲಿ ಸಭೆ ಎರಡು ಪಕ್ಷವಾಗುತ್ತದೆ. ಧಾರಣೆಯಲ್ಲಿ ಎಲ್ಲರೂ ಒಂದೇ ಪಕ್ಷ. ಅಡಿಕೆಯಲ್ಲಿ ದುಬಾರಿ ಬಗೆಯಾದ ‘ಸರಕಿನ’ ಗರಿಷ್ಠ ದರವನ್ನು ದೊಡ್ಡ ಅಕ್ಷರದಲ್ಲಿ ಹಾಕಿ ‘ಅಡಿಕೆ ದಾಖಲೆ ಏರಿಕೆ’ ಎನ್ನುವ ಪೋಸ್ಟರ್ ಕೊಡುತ್ತೇವೆ. ಅಂಕಿ ಸುಳ್ಳಲ್ಲ. ಪಕ್ಕದಲ್ಲಿ ಅದೇ ದಿನದ ಎಪಿಎಂಸಿ ಪಟ್ಟಿ: ಕನಿಷ್ಠ, ಗರಿಷ್ಠ, ಮಾದರಿ ಎಂಬ ಮೂರು ಕಾಲಂ, ಜೊತೆಗೆ ಆವಕ, ಅಂದರೆ ಮಾರುಕಟ್ಟೆಗೆ ಬಂದ ಮಾಲು. ಸರಕು ಬಂದದ್ದು ಎಷ್ಟು, ರಾಶಿ, ಬೆಟ್ಟೆ, ಗೊರಬಲು ಎಂಬ ಉಳಿದ ಬಗೆಗಳು ಬಂದದ್ದು ಎಷ್ಟು, ಗರಿಷ್ಠ ಸಿಕ್ಕಿದ್ದು ಯಾವ ಲಾಟಿಗೆ ಎಂದು ಕೇಳಿದರೆ ಸಾಕು. ಹೆಚ್ಚಿನ ಮಾಲು ಹೋದದ್ದು ಮಾದರಿ ದರದ ಆಸುಪಾಸು ಎಂದು ಮಂಡಿಗೆ ಹೋಗಿ ಬಂದವರು ತಾವೇ ಹೇಳುತ್ತಾರೆ. ನಿಜವಾದ ಅಂಕಿಯಿಂದಲೇ ಸುಳ್ಳು ಚಿತ್ರ ಕಟ್ಟಬಹುದು ಎಂಬುದು ಅಲ್ಲಿಗೆ ತಲೆಗೆ ಹೋಯಿತು. ಸಮೀಕ್ಷೆ, ಶೇಕಡಾವಾರು, ಪರೀಕ್ಷೆ ಫಲಿತಾಂಶದ ಪೋಸ್ಟರ್‌ಗೆಲ್ಲ ಆಮೇಲೆ ಇದೇ ಪ್ರಶ್ನೆ: ‘ಇದು ಗರಿಷ್ಠವೋ, ಮಾದರಿಯೋ?’

ಎರಡನೆಯದು ಶಾಲೆಗಳ ಮಳೆ ರಜೆಯ ಆದೇಶ. ಹಳೇ ಆದೇಶದ ದಿನಾಂಕ ತಿದ್ದಿ ಬಿಡುವವರು ವಾರದ ಹೆಸರು ತಿದ್ದಲು ಮರೆಯುತ್ತಾರೆ. ಗೋಡೆಯ ಕ್ಯಾಲೆಂಡರ್‌ನಲ್ಲಿ ತಾರೀಖಿಗೂ ವಾರಕ್ಕೂ ಹೊಂದುತ್ತದೆಯೇ ನೋಡಿದರೆ ಅರ್ಧ ಕೆಲಸ ಮುಗಿಯಿತು, ನೆಟ್ ಬೇಡ. ಆಮೇಲೆ ರಜೆ ಯಾವ ತಾಲ್ಲೂಕಿಗೆ, ಅಂಗನವಾಡಿಯಿಂದ ಯಾವ ತರಗತಿವರೆಗೆ, ತಿದ್ದಿದ ಅಂಕಿಯ ಸುತ್ತ ಬಿಳುಪು ಬೇರೆ ಬಣ್ಣಕ್ಕಿದೆಯೇ. ರಜೆ ಬೇಕೆನ್ನುವ ಹುಡುಗನಿಗೂ ದರ ಏರಲಿ ಎನ್ನುವ ಅಜ್ಜನಿಗೂ ಇರುವುದು ಬೇಕಾದದ್ದನ್ನೇ ನಂಬುವ ಒಂದೇ ಕಾಯಿಲೆ ಎಂದು ಇಲ್ಲಿ ಹೇಳಿದರೆ ಎರಡೂ ಕಡೆ ನಗು ಬರುತ್ತದೆ.

ಜೋಗದ ವಿಡಿಯೋಗೂ ಕಾಗದವೇ ಸಾಕು. ಜಲಪಾತದ ಮೇಲ್ಭಾಗದ ಲಿಂಗನಮಕ್ಕಿ ಅಣೆಕಟ್ಟೆಯ ಪೂರ್ಣ ಮಟ್ಟ 1819 ಅಡಿ. ಅಣೆಕಟ್ಟೆ ತುಂಬಿ ಗೇಟು ತೆಗೆದಾಗಿನ ಭೋರ್ಗರೆತವನ್ನು ‘ಇಂದು ಬೆಳಿಗ್ಗೆ’ ಎಂದು ಕಳಿಸಿದ್ದರೆ, ಪತ್ರಿಕೆಯಲ್ಲಿ ಬರುವ ಅಂದಿನ ಜಲಾಶಯ ಮಟ್ಟ ನೋಡಿದರೆ ಗೊತ್ತಾಗುತ್ತದೆ. ನೆಟ್ ಇದ್ದ ಕಡೆ ಲೆನ್ಸ್‌ಗೆ ಹಾಕುವಾಗ ವಿಡಿಯೋದ ಮೊದಲ ಚಿತ್ರ ತೆಗೆಯಬೇಡಿ, ಅದರ ಮೇಲೆ ಅಕ್ಷರ ಇರುತ್ತದೆ. ಬಂಡೆ, ಕಟ್ಟಡ, ಬೋರ್ಡು ಕಾಣುವ ಜಾಗದಲ್ಲಿ ನಿಲ್ಲಿಸಿ, ಅಕ್ಷರ ಕತ್ತರಿಸಿ ಹಾಕಿ.

‘ಈಗಲೇ ಹೇಳಲಾಗದು’ ಎಂಬ ಮೂರನೇ ರಾಶಿ ಕಲಿಸಲು ಶಿವಮೊಗ್ಗ ಹತ್ತಿರದ ಹುಣಸೋಡಿಗಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ. 2021ರ ಜನವರಿ 21ರ ರಾತ್ರಿ ಅಲ್ಲಿ ಸ್ಫೋಟಕ ಸಿಡಿದಾಗ ಚಿಕ್ಕಮಗಳೂರು ಕಡೆಯವರೆಗೂ ಕಂಪನ ಗೊತ್ತಾಗಿ ಎಲ್ಲೆಡೆ ‘ಭೂಕಂಪ’ ಎಂದೇ ಹರಿದಾಡಿತು. ಒಂದೇ ಒಕ್ಕಣೆಯ ಕಾರ್ಡನ್ನು ಎರಡು ಸಲ ಕೊಡುತ್ತೇವೆ: ಒಂದರಲ್ಲಿ ‘ರಾತ್ರಿ 11’, ಇನ್ನೊಂದರಲ್ಲಿ ‘ಮರುದಿನ ಬೆಳಿಗ್ಗೆ’. ಮೊದಲನೆಯದು ಮೂರನೇ ರಾಶಿಗೆ, ಎರಡನೆಯದು ಸುಳ್ಳಿನ ರಾಶಿಗೆ. ಆ ರಾತ್ರಿ ಮನೆಯಿಂದ ಹೊರಗೋಡಿದವರು ಸಭೆಯಲ್ಲೇ ಇರುತ್ತಾರೆ, ವಿವರಿಸುವ ಶ್ರಮ ನಮಗಿಲ್ಲ.

ಜಗಳ ಏಳುವುದು ಅಡಿಕೆ–ಕ್ಯಾನ್ಸರ್ ಕಾರ್ಡಿಗೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ತನ್ನ ವರದಿಯಲ್ಲಿ ಅಡಿಕೆಯನ್ನು ಮೊದಲನೇ ಗುಂಪಿಗೆ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುವವುಗಳ ಗುಂಪಿಗೆ, ಸೇರಿಸಿದ್ದು ನಿಜ. ಆ ಗುಂಪು ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು, ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ತೋಟದವರೇ ತುಂಬಿರುವ ಸಭೆಯಲ್ಲಿ ಇದು ‘ಸುಳ್ಳು’ ರಾಶಿಗೆ ಬೀಳುತ್ತದೆ. ಬೀಳಲಿ. ನಮಗೆ ಬೇಡದ ಸುದ್ದಿಯೂ ನಿಜ ಇರಬಹುದು ಎನ್ನಲು ಬೇರೆ ಯಾರದೋ ಉದಾಹರಣೆ ತಂದರೆ ಪ್ರಯೋಜನವಿಲ್ಲ. ಈ ಕಾರ್ಡು ತೆಗೆಯಿರಿ ಎಂದು ಬುದ್ಧಿ ಹೇಳಿದವರು ಬಹಳ, ತೆಗೆದಿಲ್ಲ. 

ಮಕ್ಕಳ ಕಳ್ಳರ ಕಾರ್ಡನ್ನು ಕೊನೆಗೆ ಇಡುತ್ತೇವೆ, ಅದಕ್ಕೆ ಅಂಕವಿಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಇಂಥದ್ದೇ ವದಂತಿಗೆ ಹೈದರಾಬಾದಿನ ಎಂಜಿನಿಯರ್ ಒಬ್ಬರು ಪ್ರಾಣ ಕಳೆದುಕೊಂಡರು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಮ್ಮೆಗೆ ಐದೇ ಚಾಟ್‌ಗೆ ಫಾರ್ವರ್ಡ್ ಎಂಬ ಮಿತಿ ತರುವುದಾಗಿ ಹೇಳಿತು. ಬಹಳ ಸಲ ಫಾರ್ವರ್ಡ್ ಆಗಿ ಎರಡು ಬಾಣದ ಗುರುತು ಬಿದ್ದ ಸಂದೇಶ ಒಮ್ಮೆಗೆ ಒಂದೇ ಚಾಟ್‌ಗೆ ಹೋಗುವುದೇಕೆ ಎಂಬುದೂ ಇಲ್ಲೇ ಬರುತ್ತದೆ. ಸ್ಕ್ರೀನ್‌ಶಾಟ್ ತೆಗೆದು ಕಳಿಸಿದರೆ ಆ ಗುರುತು ಅಳಿಯುತ್ತದೆ, ಆದ್ದರಿಂದ ಗುರುತಿಲ್ಲ ಎಂಬಷ್ಟಕ್ಕೇ ಸಂದೇಶವನ್ನು ನಂಬುವ ಹಾಗಿಲ್ಲ.

ಫೋನಿನಲ್ಲಿ ಮಾಡಿಸುವ ಕೆಲಸ ಮೂರೇ. ಸೆಟ್ಟಿಂಗ್ಸ್‌ನಲ್ಲಿ ಅಪರಿಚಿತ ಆ್ಯಪ್ ಇನ್‌ಸ್ಟಾಲ್ ಮಾಡುವ ಅನುಮತಿಯಲ್ಲಿ ವಾಟ್ಸಾಪ್ ಆಫ್. ವಾಟ್ಸಾಪ್‌ನಲ್ಲಿ ಎರಡು ಹಂತದ ಪಿನ್. ಗ್ರೂಪಿಗೆ ಸೇರಿಸುವ ಹಕ್ಕು ಪರಿಚಿತರಿಗೆ ಮಾತ್ರ. ಮದುವೆ ಕರೆಯೋಲೆ, ಚಲನ್, ಪಿಎಂ ಕಿಸಾನ್ ಯಾವ ಹೆಸರಲ್ಲಿ ಬಂದರೂ ಫೈಲಿನ ಹೆಸರಿನ ಕೊನೆಯಲ್ಲಿ ‘ಎಪಿಕೆ’ ಇದ್ದರೆ ಮುಟ್ಟಬಾರದು, ಅದು ಫೋನಿಗೆ ಆ್ಯಪ್ ಹಾಕುವ ಫೈಲು. ಒತ್ತಿಯೇಬಿಟ್ಟಿದ್ದರೆ ತಕ್ಷಣ ಏರೋಪ್ಲೇನ್ ಮೋಡ್ ಹಾಕಿ, ಬೇರೆ ಫೋನಿನಿಂದ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆ. ಅಂಥ ಆ್ಯಪ್ ಒಟಿಪಿ ಓದಿ ಕಳಿಸುತ್ತಿರುತ್ತದೆ, ಅದಕ್ಕೇ ಮೊದಲು ನೆಟ್ ಕತ್ತರಿಸುವುದು. ನಮಗೆ ಬರುವ ಕರೆ ಬೇರೆ ನಂಬರಿಗೆ ಹೋಗುವಂತೆ ಕಾಲ್ ಫಾರ್ವರ್ಡ್ ಆಗಿದೆಯೇ ಎಂದು ನೋಡಲು *#21#, ರದ್ದು ಮಾಡಲು ##002#.

ನಡುವೆ ಒಂದೆರಡು ಅಡ್ಡ ಪ್ರಯೋಗವೂ ನಡೆದವು. ಹಾಲಿನ ಡೇರಿಯ ಕರಿಹಲಗೆಯಲ್ಲಿ ವಾರಕ್ಕೊಂದು ಸುಳ್ಳು ಬರೆದು ಕೆಳಗೆ ಸತ್ಯ ಬರೆದರೆ, ಹಾಲು ಹಾಕಲು ಬಂದವರು ಮೇಲಿನ ಸಾಲು ಮಾತ್ರ ಓದಿ ಅದನ್ನೇ ಊರೆಲ್ಲ ಹೇಳಿದರು. ಈಗ ಮೊದಲ ಸಾಲು ನಿಜದ್ದು: ‘ಮಂಗನ ಕಾಯಿಲೆ ಬರುವುದು ಉಣುಗು ಕಚ್ಚಿ, ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ’. ಸುಳ್ಳಿನ ಪ್ರಸ್ತಾಪ ಬೇಕಾದರೆ ಕೆಳಗೆ, ಸಣ್ಣಕ್ಷರದಲ್ಲಿ. ಎಐ ಆ್ಯಪ್‌ನಿಂದ ದನಿ ನಕಲು ಮಾಡಿಸಿದ ಪ್ರಯೋಗದಲ್ಲಿ ಹವ್ಯಕರ ಆಡುಮಾತಿಗೆ ಆ್ಯಪ್ ತಡವರಿಸಿ ಪುಸ್ತಕದ ಕನ್ನಡ ಆಡಿತು. ಅದು ಕಲಿತುಕೊಳ್ಳಲು ಬಹಳ ಕಾಲ ಬೇಡ, ಹಾಗಾಗಿ ದುಡ್ಡು ಕೇಳುವ ಕರೆಗೆ ಮನೆಮಂದಿಗೆ ಮಾತ್ರ ಗೊತ್ತಿರುವ ಒಂದು ಪದ ಇಟ್ಟುಕೊಳ್ಳಿ ಎನ್ನುತ್ತೇವೆ.

ಫ್ಯಾಮಿಲಿ ಗ್ರೂಪಿನಲ್ಲಿ ಹಿರಿಯರನ್ನು ಎಲ್ಲರೆದುರು ತಿದ್ದಿದರೆ ಅವರು ಮತ್ತೆ ನಾಲ್ಕು ಕಳಿಸುತ್ತಾರೆ. ‘ದೊಡ್ಡಪ್ಪಾ, ಇದು ಹಳೇದಂತೆ, ಒಂದ್ಸಲ ನೋಡ್ತೀರಾ?’ ಎಂದು ಬೇರೆಯಾಗಿ ಬರೆದರೆ ತಾವೇ ಅಳಿಸುತ್ತಾರೆ. ಡಿಲೀಟ್ ಫಾರ್ ಎವ್ರಿಒನ್ ಒತ್ತುವುದನ್ನು ಕಲಿಸಿರಬೇಕು ಅಷ್ಟೇ.

ಕೊನೆಯ ಅರ್ಧ ಗಂಟೆ ಆರ್‌ಟಿಐ, ಅಂದರೆ ಮಾಹಿತಿ ಹಕ್ಕಿನ ಅರ್ಜಿ. ‘ರಸ್ತೆ ದುಡ್ಡು ನುಂಗಿದ್ದಾರೆ’ ಎಂಬ ಕಾರ್ಡು ಮೂರನೇ ರಾಶಿಯದ್ದು, ಅದನ್ನು ಅಲ್ಲಿಂದ ಎಬ್ಬಿಸುವುದು ಅರ್ಜಿಯೇ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ. ‘ಏಕೆ ಮಾಡಿಲ್ಲ’ ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂದು ವಾಪಸು ಬರುತ್ತದೆ. ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕ, ಬಿಲ್ಲಿನ ದೃಢೀಕೃತ ಪ್ರತಿ ಎಂದು ದಾಖಲೆಯ ಹೆಸರು ಹಿಡಿದು ಕೇಳಬೇಕು. 30 ದಿನದಲ್ಲಿ ಉತ್ತರ ಬಾರದಿದ್ದರೆ ಮೇಲ್ಮನವಿ. ಅಳತೆ ಪುಸ್ತಕದ ಪ್ರತಿ ಕೈಗೆ ಬಂದ ಊರಿನಲ್ಲಿ ಟೇಪು ಹಿಡಿದು ರಸ್ತೆ ಅಳೆಯಲು ಹೊರಟವರು ಹೆಂಗಸರೇ.

ತಿಂಗಳ ನಂತರ ಹೊಸ ಕಟ್ಟು ಹಿಡಿದು ಮತ್ತೆ ಹೋಗುತ್ತೇವೆ. ಮೊದಲ ಸಲ ಇಪ್ಪತ್ತರಲ್ಲಿ ಹತ್ತರ ಸುತ್ತ ಸರಿ ಹಾಕುವವರು ಆಗ ಹದಿನಾಲ್ಕು ಹದಿನೈದಕ್ಕೆ ಬರುತ್ತಾರೆ, ಲೆಕ್ಕದ ಪುಸ್ತಕ ನೋಡದೆ ಹೇಳುತ್ತಿದ್ದೇನೆ. ನಿಜದ ಕಾರ್ಡುಗಳಲ್ಲಿ ಅಂಕ ಇಳಿದಿಲ್ಲವೇ ಎಂದು ಬೇರೆಯಾಗಿ ನೋಡಿ. ಅಡಿಕೆ ಗೊನೆ ಕೊಯ್ಯುವ, ಸುಲಿಯುವ ದಿನಗಳಲ್ಲಿ ಸಭೆ ಇಡಬೇಡಿ. ತೋಟಕ್ಕೆ ಮದ್ದು ಹೊಡೆಯುವ ಗಡಿಬಿಡಿ ಮುಗಿದ ಮೇಲೆ, ಮಧ್ಯಾಹ್ನ ಮೂರರಿಂದ ಐದರವರೆಗೆ, ಹಾಲು ಕರೆಯುವ ಹೊತ್ತಿಗೆ ಬಿಡಬೇಕು.