ನಂದಿ ಬೆಟ್ಟದ ಮುಂದೆ ಮಂಜು ಹರಿಸುವುದು ಹೇಗೆ?

ಬೆಳಗ್ಗೆ ಚಿಕ್ಕಬಳ್ಳಾಪುರದಿಂದ ನಂದಿ ಗ್ರಾಮಕ್ಕೆ ಹೋದವರಿಗೆ ಈ ನೋಟ ಗೊತ್ತು: ಮುಂದೆ ಭೋಗನಂದೀಶ್ವರ ಗುಡಿ, ಅದರಾಚೆ ತೇಲುವ ಮಂಜು, ಮಂಜಿನ ಮೇಲೆ ತಲೆಯೆತ್ತಿದ 1,478 ಮೀಟರ್ ಎತ್ತರದ ನಂದಿ ಬೆಟ್ಟ. ಶಾಲೆಯ ವಸ್ತುಪ್ರದರ್ಶನಕ್ಕೆ ಇದನ್ನು ಚಲಿಸುವ ಚಿತ್ರವಾಗಿಸಲು ಪಿ5.ಜೆಎಸ್ ಎಂಬ, ಕೋಡ್ ಬರೆದು ಚಿತ್ರ ಬಿಡಿಸುವ ಸಾಧನ ಸಾಕು. 2001ರಲ್ಲಿ ಶುರುವಾದ ಇಂಥದೇ ಸಾಧನ ಪ್ರೊಸೆಸಿಂಗ್‌ನ ಜಾವಾಸ್ಕ್ರಿಪ್ಟ್ (ಬ್ರೌಸರ್ ಅರ್ಥಮಾಡಿಕೊಳ್ಳುವ ಪ್ರೋಗ್ರಾಮಿಂಗ್ ಭಾಷೆ) ರೂಪ ಇದು. ಉಚಿತ, ಬ್ರೌಸರ್‌ನಲ್ಲೇ ನಡೆಯುತ್ತದೆ.

ಎಲ್ಲವನ್ನೂ ಒಂದೇ ಪರದೆಯ ಮೇಲೆ ಬಿಡಿಸಿದರೆ, ಮಂಜು ಕದಲಿದಾಗಲೆಲ್ಲ ಬೆಟ್ಟವನ್ನು ಮೊದಲಿನಿಂದ ಬಿಡಿಸಬೇಕು. ಅದನ್ನು ತಪ್ಪಿಸುವುದು ಒಂದರ ಮೇಲೊಂದು ಇಡುವ ಪಾರದರ್ಶಕ ಹಾಳೆಗಳಂಥ ಪದರಗಳು, ಅಂದರೆ ಲೇಯರ್‌ಗಳು. ಕಂಡ ಕಂಡ ಮರಕ್ಕೆಲ್ಲ ಒಂದೊಂದು ಪದರ ಬೇಡ. ಯಾವುದು ಚಲಿಸುತ್ತದೆ, ಯಾವುದು ಯಾವುದನ್ನು ಮರೆಮಾಡಬೇಕು ಎಂದು ನೋಡಿ ಪಾಲು ಮಾಡಿ. ನಮ್ಮ ಚಿತ್ರಕ್ಕೆ ಐದು ಸಾಕು: ಆಕಾಶ, ಬೆಟ್ಟ, ಮಂಜು, ಗುಡಿ, ಬರಹ.

ಇವೇ ಪದರಗಳ ಹೆಸರುಗಳೂ ಆಗಲಿ. ಆದೇಶಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪಿಸಬೇಕು. ಆದರೆ ನಾವಿಡುವ ಹೆಸರು ಕನ್ನಡ ಲಿಪಿಯಲ್ಲಿದ್ದರೆ ಜಾವಾಸ್ಕ್ರಿಪ್ಟ್‌ನ ತಕರಾರಿಲ್ಲ. ‘ಪದರ1’, ‘ಪದರ2’ ಎಂದು ಹೆಸರಿಡುವ ಚಟ ಬಿಡಿ. ನಾಳೆ ಎರಡರ ನಡುವೆ ಹಕ್ಕಿಗಳ ಸಾಲು ಸೇರಿಸಿದರೆ ಆ ಸಂಖ್ಯೆಗಳೆಲ್ಲ ಸುಳ್ಳಾಗುತ್ತವೆ. ಹೆಸರಿನ ನಡುವೆ ಖಾಲಿ ಜಾಗ ಬಿಡುವಂತಿಲ್ಲ, ಅಂಕಿಯಿಂದ ಶುರುಮಾಡುವಂತಿಲ್ಲ.

ಕನ್ನಡದಲ್ಲಿ ಬರೆಯುವವರಿಗೇ ಕಾದಿರುವ ಒಂದು ತೊಡಕಿದೆ. ‘ಬಸ್’ನಂತೆ ಅರ್ಧಾಕ್ಷರದಲ್ಲಿ ಮುಗಿಯುವ ಪದದ ಕೊನೆಗೆ ಕೆಲವು ಕೀಲಿಮಣೆಗಳು ಕಣ್ಣಿಗೆ ಕಾಣದ ಒಂದು ಚಿಹ್ನೆಯನ್ನು ಸೇರಿಸಿಬಿಡುತ್ತವೆ. ಒಂದು ಕಡೆ ಅದಿದ್ದು ಇನ್ನೊಂದು ಕಡೆ ಇಲ್ಲದಿದ್ದರೆ ನಮಗೆ ಎರಡೂ ಒಂದೇ ಬಸ್, ಕಂಪ್ಯೂಟರ್‌ಗೆ ಮಾತ್ರ ಬೇರೆ ಬೇರೆ. ‘ಇಂಥ ಹೆಸರೇ ಇಲ್ಲ’ ಎಂಬ ದೂರು ಬಂದಾಗ ಎಷ್ಟು ದಿಟ್ಟಿಸಿದರೂ ತಪ್ಪು ಸಿಗುವುದಿಲ್ಲ. ಬೆಟ್ಟ, ಗುಡಿ, ಮಂಜು ಎಂದು ಸ್ವರದಲ್ಲಿ ಮುಗಿಯುವ ಹೆಸರಿಟ್ಟರೆ ಈ ಕಾಟವೇ ಇಲ್ಲ.

ಹೆಸರಾದ ಮೇಲೆ, ಆರಂಭದಲ್ಲಿ ಒಮ್ಮೆ ಮಾತ್ರ ಓಡುವ ‘ಸೆಟಪ್’ ಭಾಗದಲ್ಲಿ ಪ್ರತಿ ಪದರವನ್ನೂ ‘ಬೆಟ್ಟ = ಕ್ರಿಯೇಟ್‌ಗ್ರಾಫಿಕ್ಸ್(800, 450)’ ಎಂಬ ಮಾದರಿಯಲ್ಲಿ (ಆದೇಶ createGraphics; 800 ಬಿಂದು ಅಗಲ, 450 ಬಿಂದು ಎತ್ತರ) ಸೃಷ್ಟಿಸಿ, ಅದರೊಳಗಿನ ಚಿತ್ರವನ್ನು ಅಲ್ಲೇ ಬಿಡಿಸಿ ಮುಗಿಸಿ. ಈ ಸಾಲು ‘ಡ್ರಾ’ ಭಾಗಕ್ಕೆ ನುಸುಳದಿರಲಿ. ಡ್ರಾ ಸಾಮಾನ್ಯವಾಗಿ ಸೆಕೆಂಡಿಗೆ 60 ಬಾರಿ ಓಡುತ್ತದೆ. ಪ್ರತಿ ಸಲವೂ ಹೊಸ ಪದರ ಹುಟ್ಟಿ ಬ್ರೌಸರ್ ಕೈಚೆಲ್ಲುತ್ತದೆ. ಪದರವನ್ನಿಡೀ ಬಣ್ಣದಿಂದ ಮುಚ್ಚುವ ‘ಬ್ಯಾಕ್‌ಗ್ರೌಂಡ್’ ಆದೇಶ ಆಕಾಶಕ್ಕೆ ಮಾತ್ರ. ಗುಡಿಗೂ ಅದನ್ನು ಕೊಟ್ಟರೆ ಹಿಂದಿನ ಬೆಟ್ಟ, ಮಂಜು ಎಲ್ಲವೂ ಮಾಯ.

ಈಗ ‘ಸಾಲು’ ಎಂಬ ಪಟ್ಟಿ ಮಾಡಿ, ಹಿಂದಿನದು ಮೊದಲು, ಮುಂದಿನದು ಕೊನೆಗೆ ಎಂಬಂತೆ ಐದನ್ನೂ ಜೋಡಿಸಿ. ಡ್ರಾ ಭಾಗ ಈ ಪಟ್ಟಿಯನ್ನು ಓದುತ್ತಾ ‘ಇಮೇಜ್’ ಆದೇಶದಿಂದ ಒಂದೊಂದನ್ನೇ ಪರದೆಗೆ ಹಾಕಲಿ. ಮಂಜು ಗುಡಿಯ ಮುಂದೆ ಬರಬೇಕೆನಿಸಿದರೆ ಪಟ್ಟಿಯಲ್ಲಿ ಎರಡು ಹೆಸರು ಅದಲುಬದಲು ಮಾಡಿದರಾಯಿತು. ಪ್ರತಿ ಹೆಸರಿನ ಜೊತೆಗೆ ಎರಡು ಮಾಹಿತಿ ಇಟ್ಟುಕೊಳ್ಳಿ: ಪದರ ಅಡ್ಡಲಾಗಿ ಎಷ್ಟು ಸರಿದಿದೆ, ಸದ್ಯ ಕಾಣಬೇಕೇ ಬೇಡವೇ.

ಮಂಜನ್ನು ಪ್ರತಿ ಸಲ ಬಿಡಿಸಬೇಕಿಲ್ಲ. ತೆಳು ಬಿಳಿಯ ಅಂಡಾಕಾರಗಳನ್ನು ಒಂದರ ಮೇಲೊಂದು ಹಾಕಿ ಒಮ್ಮೆ ಬಿಡಿಸಿ, ಆಮೇಲೆ ಪದರವನ್ನೇ ಸರಿಸಿ. ಅದು ಬಲಕ್ಕೆ ಸರಿದಂತೆ ಎಡದಲ್ಲಿ ಖಾಲಿ ಬೀಳುತ್ತದೆ. ಅಲ್ಲಿಗೆ ಅದೇ ಪದರವನ್ನು 800 ಬಿಂದು ಹಿಂದಿಟ್ಟು ಇನ್ನೊಮ್ಮೆ ಹಾಕಿ. ಸರಿದ ದೂರ 800 ಮುಟ್ಟಿದಾಗ ಸೊನ್ನೆಗೆ ತನ್ನಿ. ಮಂಜಿನ ಎಡ, ಬಲ ಅಂಚುಗಳು ಒಂದಕ್ಕೊಂದು ಹೊಂದದಿದ್ದರೆ ನಡುವೆ ಗೆರೆ ಕಾಣುತ್ತದೆ. ಅಂಚಿನ ಬಳಿ ಏನನ್ನೂ ಬಿಡಿಸದಿರುವುದೇ ಸುಲಭದ ಉಪಾಯ.

ಈ ಅಳತೆಯ ಒಂದು ಪದರ ಸುಮಾರು 14.4 ಲಕ್ಷ ಬೈಟ್ ನುಂಗುತ್ತದೆ. ಪಿಕ್ಸೆಲ್ ಸಾಂದ್ರತೆ ಎರಡಿರುವ, ಅಂದರೆ ಅಡ್ಡಕ್ಕೂ ಉದ್ದಕ್ಕೂ ಎರಡು ಪಟ್ಟು ಬಿಂದುಗಳಿರುವ ಪರದೆಯಲ್ಲಿ ಅದರ ನಾಲ್ಕು ಪಟ್ಟು. ಮೊಬೈಲ್ ತಡವರಿಸಿದರೆ ಆರಂಭದಲ್ಲೇ ‘ಪಿಕ್ಸೆಲ್‌ಡೆನ್ಸಿಟಿ(1)’ (pixelDensity) ಎಂದು ಬರೆಯಿರಿ. ಚಿತ್ರದಲ್ಲಿ ಏನೋ ಕಾಣೆಯಾಗಿದ್ದರೆ ಮುಂದಿನ ಪದರದಿಂದ ಶುರುಮಾಡಿ ಒಂದೊಂದನ್ನೇ ಮರೆಮಾಡುತ್ತಾ ಹೋಗಿ. ಯಾವುದು ಅಡ್ಡ ನಿಂತಿತ್ತೆಂದು ತಿಳಿಯುತ್ತದೆ.