ಒಂದೇ ಕಾಲೇಜಿಗೆ ಎರಡು ಪುಟ, ಒಂದರಲ್ಲಿ ಜಾಹೀರಾತು

ಕನ್ನಡ ವಿಕಿಪೀಡಿಯದಲ್ಲಿ ಎರಡು ಶೀರ್ಷಿಕೆಗಳು ಅಕ್ಷರಶಃ ಒಂದೇ ಥರ ಕಂಡವು. ಒಂದರಲ್ಲಿ ‘ಇಂಜಿನಿಯರಿಂಗ್’ ಆದ ಮೇಲೆ, ಖಾಲಿ ಜಾಗಕ್ಕೂ ಮೊದಲು, ಕಣ್ಣಿಗೆ ಕಾಣದ, ಅಕ್ಷರಗಳು ಕೂಡಿಕೊಳ್ಳದಂತೆ ತಡೆಯುವ ಸಂಕೇತ ಝಡ್‌ಡಬ್ಲ್ಯೂಎನ್‌ಜೆ ಕುಳಿತಿತ್ತು. ಸಾಫ್ಟ್‌ವೇರಿಗೆ ಅದು ಬೇರೆಯೇ ಹೆಸರು.

ಹಳೆಯ ಪುಟ ಉಳಿಸಿಕೊಂಡು, ಹೊಸದರಿಂದ ಆಧಾರವಿರುವ ಸಾಲುಗಳನ್ನಷ್ಟೇ ತಂದೆ. ಸಂಪಾದನೆಯ ಸಾರಾಂಶದಲ್ಲಿ ಸಾಲುಗಳನ್ನು ತಂದ ಪುಟದ ಕೊಂಡಿ ಹಾಕಲೇಬೇಕು. ವಿಕಿಪೀಡಿಯದ ಪರವಾನಗಿಯ ಪ್ರಕಾರ ಬರೆದವರಿಗೆ ಮನ್ನಣೆ ಸಲ್ಲಬೇಕು. ಅದೇ ಕಾರಣಕ್ಕೆ ಹೊಸ ಪುಟವನ್ನು ಅಳಿಸದೆ, ತೆರೆದವರು ಹಳೆಯ ಪುಟಕ್ಕೇ ಬರುವಂತೆ ಪುನರ್ನಿರ್ದೇಶನ ಮಾಡಿದೆ, ಯಾರು ಏನು ಬರೆದರೆಂಬ ಇತಿಹಾಸ ಉಳಿಯುತ್ತದೆ. ಒಂದೇ ವಿಷಯದ ಬೇರೆ ಬೇರೆ ಭಾಷೆಯ ಪುಟಗಳನ್ನು ಜೋಡಿಸುವ ದತ್ತಸಂಚಯ ವಿಕಿಡೇಟಾ ಮಾತ್ರ ತಕರಾರು ಮಾಡಿತು: ಅಲ್ಲಿ ಈ ಕಾಲೇಜಿಗಿದ್ದ ಎರಡೂ ಐಟಂಗಳಲ್ಲಿ (ನಮೂದುಗಳಲ್ಲಿ) ಕನ್ನಡದ ಕೊಂಡಿ ಇದ್ದರೆ ವಿಲೀನವಾಗದು. ಹೊಸ ಪುಟದ ಕೊಂಡಿ ತೆಗೆದ ಮೇಲೆ ಸರಾಗ.

ಜಾಹೀರಾತಿನದು ಇನ್ನೂ ನಾಜೂಕು ಕೆಲಸ. ‘ಪ್ರತಿಷ್ಠಿತ’, ‘ಅತ್ಯಾಧುನಿಕ’ ಕಿತ್ತರೆ ಸಾಲದು, ಆಯ್ದುಕೊಂಡ ವಿಷಯವೇ ಪ್ರಚಾರ: ಪ್ಲೇಸ್‌ಮೆಂಟ್ ಪ್ಯಾಕೇಜು, ಹಾಸ್ಟೆಲ್ ಸೌಕರ್ಯ, ಅಧ್ಯಕ್ಷರ ಸಂದೇಶ. ಉಲ್ಲೇಖಗಳನ್ನು ಒಂದೊಂದಾಗಿ ತೆರೆದು ನೋಡಿದರೆ ಅರ್ಧಕ್ಕರ್ಧ ಕಾಲೇಜಿನದೇ ಜಾಲತಾಣ, ಉಳಿದವು ಪತ್ರಿಕಾ ಪ್ರಕಟಣೆಯ ಯಥಾಪ್ರತಿ. ಸ್ಥಾಪನೆಯ ವರ್ಷ, ವಿಶ್ವವಿದ್ಯಾಲಯದ ಸಂಯೋಜನೆ, ಕೋರ್ಸುಗಳಿಗೆ ಸಂಸ್ಥೆಯ ತಾಣ ನಡೆಯುತ್ತದೆ, ಹೊಗಳಿಕೆಗೆ ನಡೆಯದು. ತೆಗೆದದ್ದೇಕೆಂದು ಚರ್ಚೆ ಪುಟದಲ್ಲಿ ಬರೆದಿಟ್ಟೆ. ಇಲ್ಲದಿದ್ದರೆ ಅದೇ ಪ್ಯಾರಾ ಮತ್ತೆ ಬಂದು ಕೂರುತ್ತದೆ.