ಬಾಡಿನ ಸಾರು: ಮಾಂಸಕ್ಕೊಂದು ಹೊತ್ತು, ಖಾರಕ್ಕೊಂದು ಹೊತ್ತು

ಮಂಡ್ಯ, ಮೈಸೂರು, ರಾಮನಗರ, ತುಮಕೂರು ಕಡೆಯ ಮಟನ್ ಸಾರು ಮೇಲುನೋಟಕ್ಕೆ ಸುಲಭದ ಅಡುಗೆ. ಮಾಂಸ, ಮಸಾಲೆ, ಕಾಯಿ, ನೀರು ಎಲ್ಲವನ್ನೂ ಕುಕ್ಕರಿಗೆ ಸುರಿದು ಏಳೆಂಟು ವಿಷಲ್ ಕೂಗಿಸಿದರೂ ಸಾರು ಅಂತ ಒಂದು ಆಗುತ್ತದೆ. ಆದರೆ ಒಂದೋ ಮಾಂಸ ನಾರುನಾರಾಗಿ ಬಿಟ್ಟುಕೊಂಡಿರುತ್ತದೆ, ಇಲ್ಲವೇ ಬೆಳ್ಳುಳ್ಳಿ ಹಸಿಹಸಿಯಾಗಿ ಮೂಗಿಗೆ ಹೊಡೆಯುತ್ತದೆ. ಮಾಂಸ ಬೇಯಲು ಹಿಡಿಯುವ ಹೊತ್ತು ಬೇರೆ, ಈರುಳ್ಳಿ–ಬೆಳ್ಳುಳ್ಳಿ ಖಾರ ಬಾಡಲು ಬೇಕಾದ ಹೊತ್ತು ಬೇರೆ, ಕಾಯಿಯದ್ದು ಮತ್ತೂ ಬೇರೆ. ಮೂರನ್ನೂ ಅವುಗಳ ಪಾಡಿಗೆ ಬೇಯಿಸಿ ಕೊನೆಗೆ ಒಂದೇ ಪಾತ್ರೆಗೆ ತರುವ ಕ್ರಮ ಇಲ್ಲಿದೆ. ಅಳತೆ 1 ಕೆ.ಜಿ. ಮಾಂಸಕ್ಕೆ, ಐದಾರು ಮಂದಿಗೆ ಸಾಕು. ದೊಡ್ಡ ಚಮಚ ಎಂದರೆ 15 ಮಿ.ಲೀ., ಚಿಕ್ಕ ಚಮಚ ಎಂದರೆ 5 ಮಿ.ಲೀ.

ಅಂಗಡಿಯಲ್ಲಿ ಏನು ಕೇಳಬೇಕು

ಸಾರಿಗೆ ಬೋನ್‌ಲೆಸ್ ತರುವುದು ದುಡ್ಡು ದಂಡ. ಎಸರಿಗೆ ರುಚಿ, ಮಂದ ಎರಡೂ ಬರುವುದು ಮೂಳೆ, ನರ, ಕೊಬ್ಬಿನಿಂದ. ‘ಅಣ್ಣ, ಸಾರಿಗೆ ಕೊಡಿ, ಮುಂಗಾಲು, ಎದೆ, ಕತ್ತು ಸೇರಿಸಿ, ಎರಡು ನಲ್ಲಿಮೂಳೆ ಹಾಕಿ’ ಎಂದರೆ ಸಾಕು. ಹೆಚ್ಚು ಓಡಾಡುವ ಈ ಭಾಗಗಳಲ್ಲಿ ನರದ ಅಂಶ ಜಾಸ್ತಿ. ನಿಧಾನವಾಗಿ ಬೆಂದರೆ ಅದು ಕರಗಿ ಎಸರಿಗೆ ಅಂಟು ಕೊಡುತ್ತದೆ, ತಿಂದ ಮೇಲೆ ಬೆರಳು ಬೆರಳಿಗೆ ಅಂಟುವುದು ಅದರಿಂದಲೇ. ತೊಡೆಯ ಮಾಂಸವನ್ನು ಫ್ರೈಗೆ ಇಟ್ಟುಕೊಳ್ಳಿ.

ನಮ್ಮಲ್ಲಿ ಮಟನ್ ಎಂದರೆ ಕುರಿಯೂ ಆಗಬಹುದು, ಮೇಕೆಯೂ ಆಗಬಹುದು, ಕೇಳಿ ತಿಳಿದುಕೊಳ್ಳಿ. ತಿ. ನರಸೀಪುರ ತಾಲ್ಲೂಕಿನ ಬನ್ನೂರಿನ ಹೆಸರಿನ ಗಿಡ್ಡ ಕಾಲಿನ, ತುಂಬಿದ ಮೈಯ ಕುರಿಗೆ ಇಷ್ಟು ಹೆಸರು ಬಂದಿರುವುದು ಮಾಂಸದ ನಡುವೆಯೇ ಕೊಬ್ಬು ಹರಡಿರುವುದರಿಂದ. ಮೇಕೆ ಮಾಂಸ ಒಣಕಲು. ಅದಾದರೆ 50 ಗ್ರಾಂ ಕೊಬ್ಬು ಬೇರೆಯಾಗಿ ಹಾಕಿಸಿಕೊಳ್ಳಿ. ಎಳೆಯ ಮಾಂಸದ ಬಣ್ಣ ತಿಳಿಗೆಂಪು, ಎಳೆ ನಯ. ಕಡುಗೆಂಪಾಗಿ ಎಳೆ ಒರಟಾಗಿದ್ದರೆ ಬಲಿತದ್ದು. ಬಲಿತದ್ದು ಕೆಟ್ಟದ್ದೇನಲ್ಲ, ಎಸರು ಇನ್ನೂ ಚೆನ್ನಾಗಿ ಬರುತ್ತದೆ. ಆದರೆ ಒಲೆಯ ಮೇಲೆ ಅರ್ಧದಷ್ಟು ಹೊತ್ತು ಹೆಚ್ಚಿಗೆ ಬೇಕು.

ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ, ಸುಮಾರು ಮೂರು–ನಾಲ್ಕು ಸೆಂ.ಮೀ. ತುಂಡು ಹಾಕಿಸಿ. ಚಿಕ್ಕದಾದರೆ ಕುಕ್ಕರಿನಲ್ಲೇ ಪುಡಿಯಾಗುತ್ತದೆ. ಕಡಿದಾಗ ಸಿಡಿದ ಮೂಳೆಚೂರು ಇರುತ್ತದೆ, ಎರಡು ನೀರಿನಲ್ಲಿ ತೊಳೆದು ಕೈಯಲ್ಲೇ ಮುಟ್ಟಿ ನೋಡಿ ತೆಗೆಯಬೇಕು. ತೊಳೆದದ್ದನ್ನು ನೀರಿನಲ್ಲಿ ನೆನೆಹಾಕಬೇಡಿ.

ಇನ್ನೊಂದು ವಿಷಯ. ಕಡಿದ ಕೆಲವು ಗಂಟೆಗಳಲ್ಲಿ ಮಾಂಸ ಸೆಟೆದುಕೊಳ್ಳುತ್ತದೆ. ಆ ಹೊತ್ತಿನಲ್ಲಿ ಬೇಯಿಸಿದರೆ ಎಷ್ಟು ಬೆಂದರೂ ಬಿರುಸು. ಭಾನುವಾರ ಮಧ್ಯಾಹ್ನದ ಊಟಕ್ಕೆ ಶನಿವಾರ ಸಂಜೆಯೇ ತಂದು ಮುಚ್ಚಿ ಫ್ರಿಜ್ಜಿನ ಕೆಳಗಿನ ಹಂತದಲ್ಲಿ ಇಟ್ಟರೆ ಬೆಳಗ್ಗೆಯ ಸಾಲಿನಲ್ಲಿ ನಿಲ್ಲುವುದೂ ತಪ್ಪುತ್ತದೆ, ಮಾಂಸವೂ ಮೆತ್ತಗಾಗುತ್ತದೆ.

ಮೊದಲು ಮಾಂಸ

ಕುಕ್ಕರಿನಲ್ಲಿ 2 ದೊಡ್ಡ ಚಮಚ ಕಡಲೆಕಾಯಿ ಎಣ್ಣೆ ಕಾಯಿಸಿ, ಒಂದು ಈರುಳ್ಳಿ ಹೆಚ್ಚಿ ಹಾಕಿ ಬಾಡಿಸಿ. ಮಾಂಸ, ಅರ್ಧ ಚಿಕ್ಕ ಚಮಚ ಅರಿಸಿನ, ಒಂದೂವರೆ ಚಿಕ್ಕ ಚಮಚ ಉಪ್ಪು ಹಾಕಿ ದೊಡ್ಡ ಉರಿಯಲ್ಲಿ ಕೈಯಾಡಿಸಿ. ಮೂರ್ನಾಲ್ಕು ನಿಮಿಷಕ್ಕೆ ಮಾಂಸ ನೀರು ಬಿಡುತ್ತದೆ. ಅಲ್ಲೇ ಮುಚ್ಚಳ ಹಾಕುವ ಅವಸರ ಬೇಡ. ಆ ನೀರು ಇಂಗಿ, ತಳದಲ್ಲಿ ಮತ್ತೆ ಚುರುಚುರು ಸದ್ದು ಕೇಳುವವರೆಗೆ, ಅಂದರೆ ಎಂಟು–ಹತ್ತು ನಿಮಿಷ, ಹುರಿಯಬೇಕು. ಬಾಡಿನ ಕವುಲು ವಾಸನೆ ಹೋಗುವುದು ಈ ಹಂತದಲ್ಲಿ. ಇಲ್ಲಿ ಬಿಟ್ಟರೆ ಆಮೇಲೆ ಎಷ್ಟು ಚಕ್ಕೆ ಲವಂಗ ಸುರಿದರೂ ಹೋಗದು.

ಈಗ ಒಂದೂಕಾಲು ಲೀಟರ್ ಬಿಸಿನೀರು ಹಾಕಿ. ಕುದಿ ಬಂದಾಗ ಮೇಲೆ ಬರುವ ಬೂದು ನೊರೆಯನ್ನು ಸೌಟಿನಲ್ಲಿ ತೆಗೆದು ಮುಚ್ಚಿ.

ವಿಷಲ್ ಎಣಿಸುವುದು ಅಷ್ಟು ನೆಚ್ಚುವಂಥ ಲೆಕ್ಕವಲ್ಲ. ಉರಿ ದೊಡ್ಡದಿದ್ದರೆ ಆರು ನಿಮಿಷಕ್ಕೆ ಐದು ಕೂಗುತ್ತದೆ, ಸಣ್ಣದಿದ್ದರೆ ಅದೇ ಐದಕ್ಕೆ ಅರ್ಧ ಗಂಟೆ ಹಿಡಿಯುತ್ತದೆ. ಮೊದಲ ವಿಷಲ್ ಬಂದ ಕೂಡಲೇ ಉರಿ ಸಣ್ಣಗೆ ಮಾಡಿ ಗಡಿಯಾರ ನೋಡಿ: ಎಳೆಯದಕ್ಕೆ 12 ನಿಮಿಷ, ಬಲಿತದಕ್ಕೆ 18ರಿಂದ 20. ಒಲೆ ಆರಿಸಿದ ಮೇಲೆ ಆವಿ ತಾನಾಗಿ ಇಳಿಯಲಿ. ವಿಷಲ್ ಎತ್ತಿ ಆವಿ ಬಿಟ್ಟರೆ ಒಳಗೆ ಒಮ್ಮೆಗೇ ಜೋರು ಕುದಿ ಎದ್ದು ತುಂಡು ಒಡೆಯುತ್ತದೆ. ತೆರೆದ ಪಾತ್ರೆಯಲ್ಲಾದರೆ ಸಣ್ಣ ಕುದಿಯಲ್ಲಿ ಒಂದು ಗಂಟೆಯಿಂದ ಒಂದೂಕಾಲು ಗಂಟೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು 97 ಡಿಗ್ರಿಗೇ ಕುದಿಯುವುದರಿಂದ, ತೆರೆದ ಪಾತ್ರೆಗೆ ಕರಾವಳಿಗಿಂತ ಹತ್ತು ನಿಮಿಷ ಹೆಚ್ಚಿಗೆ ಇಟ್ಟುಕೊಳ್ಳಿ.

ಮುಚ್ಚಳ ತೆಗೆದಾಗ ತುಂಡನ್ನು ಸೌಟಿನಿಂದ ಒತ್ತಿದರೆ ಬಿರಿಯಬೇಕು, ಆದರೆ ಮೂಳೆ ಬಿಟ್ಟಿರಬಾರದು. ಇನ್ನು ಅರ್ಧ ಗಂಟೆ ಮಸಾಲೆಯ ಜೊತೆ ಕುದಿಯುವುದಿದೆ. ಇಲ್ಲೇ ಪೂರ್ತಿ ಬೆಂದರೆ ಊಟದ ಹೊತ್ತಿಗೆ ಮೂಳೆ ಒಂದು ಕಡೆ, ಬಾಡು ಒಂದು ಕಡೆ.

ಖಾರ ಹುರಿಯುವುದು

ಬಾಣಲೆಯಲ್ಲಿ ಎಣ್ಣೆಯಿಲ್ಲದೆ, ಸಣ್ಣ ಉರಿಯಲ್ಲಿ 3 ದೊಡ್ಡ ಚಮಚ ಧನಿಯಾ, 1 ಚಿಕ್ಕ ಚಮಚ ಮೆಣಸು, ಎರಡಂಗುಲ ಚಕ್ಕೆ, 5 ಲವಂಗ, 1 ಏಲಕ್ಕಿ ಹುರಿಯಿರಿ. ಧನಿಯಾ ಘಮ ಬಿಟ್ಟ ಕೂಡಲೇ ತಟ್ಟೆಗೆ ಸುರಿಯಿರಿ, ಬಾಣಲೆಯಲ್ಲೇ ಬಿಟ್ಟರೆ ಅದರ ಬಿಸಿಗೇ ಸೀಯುತ್ತದೆ. 8 ಬ್ಯಾಡಗಿ, 6 ಗುಂಟೂರು ಮೆಣಸಿನಕಾಯಿಯನ್ನು ಅರ್ಧ ಚಮಚ ಎಣ್ಣೆಯಲ್ಲಿ ಉಬ್ಬುವವರೆಗೆ ಹುರಿಯಿರಿ. ಬ್ಯಾಡಗಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ. ಮಕ್ಕಳಿರುವ ಮನೆಯಲ್ಲಿ ಗುಂಟೂರು ಮೂರಕ್ಕೆ ಇಳಿಸಿ, ಬ್ಯಾಡಗಿ ಹಾಗೇ ಇರಲಿ. ಕೊನೆಗೆ 2 ಚಮಚ ಎಣ್ಣೆಯಲ್ಲಿ ಎರಡು ಈರುಳ್ಳಿ, ಒಂದು ಗಡ್ಡೆ ಬೆಳ್ಳುಳ್ಳಿ, ಒಂದೂವರೆ ಅಂಗುಲ ಶುಂಠಿ ಹಾಕಿ ಈರುಳ್ಳಿಯ ಅಂಚು ಕೆಂಪಾಗುವವರೆಗೆ ಬಾಡಿಸಿ, ಎರಡು ಸಣ್ಣ ಟೊಮೆಟೊ, ಒಂದು ಹಿಡಿ ಕೊತ್ತಂಬರಿ ಸೊಪ್ಪು ಸೇರಿಸಿ ಮೆತ್ತಗಾದ ಮೇಲೆ ಇಳಿಸಿ.

ಪೂರ್ತಿ ಆರಿದ ಮೇಲೆ ರುಬ್ಬಿ. ಬಿಸಿಯಿರುವಾಗ ಮಿಕ್ಸಿಗೆ ಹಾಕಿದರೆ ಆವಿ ಮುಚ್ಚಳ ಎತ್ತಿ ಎಸೆಯುತ್ತದೆ, ಖಾರ ಕಣ್ಣಿಗೆ. ಒಣ ಸಾಮಾನನ್ನು ಮೊದಲು ಪುಡಿ ಮಾಡಿ, ಆಮೇಲೆ ಹಸಿಯದನ್ನು ಸೇರಿಸಿ ಆದಷ್ಟು ಕಡಿಮೆ ನೀರಿನಲ್ಲಿ ನುಣ್ಣಗೆ ರುಬ್ಬಬೇಕು. ಧನಿಯಾ ತರಿತರಿ ಉಳಿದರೆ ಸಾರು ಹಲ್ಲಿಗೆ ಸಿಗುತ್ತದೆ. ಬೇಳೆ ಸಾರಿಗೆಂದು ಡಬ್ಬಿಯಲ್ಲಿಟ್ಟ ಸಾಂಬಾರ್ ಪುಡಿ ಇದಕ್ಕೆ ಬೇಡ. ಅದರ ಮೆಂತ್ಯ, ಇಂಗು ಬಾಡಿನ ಘಮವನ್ನು ತಿಂದುಹಾಕುತ್ತವೆ.

ಈ ರುಬ್ಬಿದ ಖಾರವನ್ನು ಎಸರಿಗೆ ನೇರ ಸುರಿಯಬೇಡಿ. ದಪ್ಪ ತಳದ ಪಾತ್ರೆಯಲ್ಲಿ, ಎಸರಿನ ಮೇಲೆ ತೇಲುತ್ತಿರುವ ಕೊಬ್ಬನ್ನು ಮೂರು ಸೌಟು ತೆಗೆದು ಹಾಕಿ. ಜೊತೆಗೆ ಬಂದ ನೀರು ಇಂಗಲಿ. ಆಮೇಲೆ ಖಾರ ಹಾಕಿ ನಡುಉರಿಯಲ್ಲಿ ತಿರುವುತ್ತಿರಿ. ಮೊದಲು ಪಟಪಟ ಸಿಡಿಯುತ್ತದೆ, ಘಾಟು ಏಳುತ್ತದೆ. ಐದು ನಿಮಿಷಕ್ಕೆ ಸಿಡಿಯುವುದು ನಿಂತು ಬಣ್ಣ ಇಟ್ಟಿಗೆಗೆಂಪಿನಿಂದ ಕಂದಿಗೆ ತಿರುಗುತ್ತದೆ. ಹತ್ತನೇ ನಿಮಿಷದ ಹೊತ್ತಿಗೆ ಮುದ್ದೆಗಟ್ಟಿ ಪಾತ್ರೆಯ ಬದಿ ಬಿಡುತ್ತದೆ, ಅಂಚಿನಲ್ಲಿ ಎಣ್ಣೆ ಕೆಂಪು ಹನಿಯಾಗಿ ಒಸರುತ್ತದೆ. ಸೌಟಿನಿಂದ ಗೀರಿದರೆ ಗೆರೆ ಹಾಗೇ ನಿಲ್ಲಬೇಕು, ನೀರು ತುಂಬಬಾರದು. ತಳ ಹಿಡಿಯತೊಡಗಿದರೆ ಎರಡು ಚಮಚ ಎಸರು ಚಿಮುಕಿಸಿ ಕೆರೆದುಕೊಳ್ಳಿ. ಇಡೀ ಅಡುಗೆಯಲ್ಲಿ ಒಲೆಯ ಮುಂದೆ ನಿಲ್ಲಲೇಬೇಕಾದ ಹತ್ತು ನಿಮಿಷ ಇದೊಂದೇ.

ಈಗ ಮಾಂಸವನ್ನು ಎಸರಿನ ಸಮೇತ ಸೇರಿಸಿ, ಮಿಕ್ಸಿ ಜಾರ್ ತೊಳೆದ ನೀರು ಹಾಕಿ, ಮುಚ್ಚಳ ಓರೆ ಮಾಡಿ 15 ನಿಮಿಷ ಕುದಿಸಿ.

ಕಾಯಿ ಕೊನೆಗೆ

ಅರ್ಧ ತೆಂಗಿನಕಾಯಿಯ ತುರಿ (ಸುಮಾರು 100 ಗ್ರಾಂ), 2 ದೊಡ್ಡ ಚಮಚ ಹುರಿಗಡಲೆ, 1 ದೊಡ್ಡ ಚಮಚ ಗಸಗಸೆ. ಗಸಗಸೆ ಹಸಿಯಾಗಿ ಮಿಕ್ಸಿಯಲ್ಲಿ ನುಣ್ಣಗಾಗುವುದಿಲ್ಲ, ಬ್ಲೇಡಿನಡಿ ಜಾರಿ ಕೂರುತ್ತದೆ. ಬೆಚ್ಚಗೆ ಹುರಿದು ಹುರಿಗಡಲೆಯ ಜೊತೆ ಪುಡಿ ಮಾಡಿಕೊಂಡು, ಆಮೇಲೆ ಕಾಯಿ ಹಾಕಿ ನೀರು ಬಿಟ್ಟು ರುಬ್ಬಿ. ದುಬೈ, ಸೌದಿ, ಸಿಂಗಪುರದಲ್ಲಿರುವವರು ಊರಿಂದ ಗಸಗಸೆ ಕಟ್ಟಿಕೊಂಡು ಹೋಗಬೇಡಿ, ಅಲ್ಲಿ ಅದು ನಿಷಿದ್ಧ. ಬದಲಿಗೆ ಎಂಟು ಗೋಡಂಬಿ ನೆನೆಸಿ ರುಬ್ಬಿದರೆ ಮಂದ ಬರುತ್ತದೆ.

ಉರಿ ಇಳಿಸಿ ಕಾಯಿ ಹಾಕಿ, ತಳ ಕೆದಕುತ್ತಾ ಎಂಟು–ಹತ್ತು ನಿಮಿಷ ಮೆಲ್ಲಗೆ ಕುದಿಸಿ. ಹುರಿಗಡಲೆ ತಳಕ್ಕೆ ಇಳಿದು ಹಿಡಿಯುವುದು ಇಲ್ಲೇ. ದೊಡ್ಡ ಉರಿಯಲ್ಲಿ ಕುದಿಸಿದರೆ ಕಾಯಿ ಒಡೆದು, ಮೇಲೆ ಎಣ್ಣೆ, ಕೆಳಗೆ ನೀರು, ನಡುವೆ ತರಿ. ಉಳಿದ ಉಪ್ಪು ಈಗ: ಎರಡು ಚಿಕ್ಕ ಚಮಚ ಹಾಕಿ ರುಚಿ ನೋಡಿ. ಮುದ್ದೆಗೆ ಉಪ್ಪು ಹಾಕುವುದಿಲ್ಲವಾದ್ದರಿಂದ ಸಾರಿನಲ್ಲಿ ಉಪ್ಪು ಒಂದು ಕೂದಲೆಳೆ ಮುಂದಿರಬೇಕು. ಹದವೂ ಅಷ್ಟೇ, ಮುದ್ದೆಗೆ ತುಸು ತೆಳ್ಳಗೆ, ಚಪಾತಿಗೆ ಮಂದ. ಒಲೆಯಿಂದ ಇಳಿಸಿದ ಮೇಲೂ ಹುರಿಗಡಲೆ ಗಟ್ಟಿಯಾಗುತ್ತಲೇ ಇರುತ್ತದೆ, ಹಾಗಾಗಿ ಬೇಕಾದ್ದಕ್ಕಿಂತ ಅರ್ಧ ಲೋಟ ನೀರು ಮುಂದಾಗಿಯೇ ಇರಲಿ. ಮುಚ್ಚಿ ಇಪ್ಪತ್ತು ನಿಮಿಷ ಬಿಟ್ಟು ಬಡಿಸಿ. ಮುದ್ದೆ ತೊಳಸಲು ಅಷ್ಟು ಹೊತ್ತು ಸರಿಹೋಗುತ್ತದೆ.

ಡಿಸೆಂಬರ್–ಜನವರಿಯಲ್ಲಿ ಸೊನೆ ಅವರೆ ಸಿಕ್ಕರೆ ಒಂದು ಬಟ್ಟಲು ಅವರೆಕಾಳನ್ನು ಎಸರು ಸೇರಿಸುವಾಗಲೇ ಹಾಕಿ, ಆಗ ಹುರಿಗಡಲೆಯನ್ನು ಅರ್ಧ ಮಾಡಿ. ಆಲೂಗಡ್ಡೆಯೂ ಆಗ. ಬದನೆಕಾಯಿ ಕಾಯಿಯ ಜೊತೆಗೆ.

ಕೆಟ್ಟರೆ

ಸಾರು ಕಹಿಯಾಗಿದ್ದರೆ ಬೆಳ್ಳುಳ್ಳಿ ಸೀದಿದೆ ಅಥವಾ ಲವಂಗ ಹೆಚ್ಚಾಗಿದೆ. ಲವಂಗದ್ದಾದರೆ ಇನ್ನಷ್ಟು ಕಾಯಿ ರುಬ್ಬಿ ಹಾಕಿದರೆ ತಕ್ಕಮಟ್ಟಿಗೆ ಮುಚ್ಚುತ್ತದೆ, ಸೀದದ್ದಕ್ಕೆ ಉಪಾಯವಿಲ್ಲ. ಅದಕ್ಕೇ ಖಾರವನ್ನು ಎಸರಿಗೆ ಸೇರಿಸುವ ಮುನ್ನ ಒಂದು ಚೂರು ನಾಲಿಗೆಗಿಟ್ಟು ನೋಡುವುದು. ಸೀದಿದ್ದರೆ ಖಾರ ಮಾತ್ರ ದಂಡ, ಮಾಂಸ ಉಳಿಯಿತು. ಉಪ್ಪಾದರೆ ಆಲೂಗಡ್ಡೆ ಹಾಕಿ ತೆಗೆಯಿರಿ ಎನ್ನುತ್ತಾರೆ. ಆಲೂಗಡ್ಡೆ ತನ್ನ ಪಾಲಿನ ಉಪ್ಪುನೀರನ್ನಷ್ಟೇ ಹೀರುತ್ತದೆ, ಸಾರಿನ ಉಪ್ಪು ಅಲ್ಲೇ ಇರುತ್ತದೆ. ಬಿಸಿನೀರು, ಸ್ವಲ್ಪ ಕಾಯಿ ಸೇರಿಸಿ ಸಾರನ್ನೇ ಹೆಚ್ಚಿಸುವುದೊಂದೇ ದಾರಿ. ಮಾಂಸ ಇನ್ನೂ ಗಟ್ಟಿಯಿದ್ದರೆ ಕಾಯಿ ಹಾಕುವ ಮೊದಲೇ ಮತ್ತೆ ಕುಕ್ಕರಿಗೆ ಹಾಕಿ ಐದು ನಿಮಿಷ ಬೇಯಿಸಿ. ಕಾಯಿ ಬಿದ್ದ ಮೇಲೆ ಕುಕ್ಕರ್ ಮುಚ್ಚಿದರೆ ತಳ ಹಿಡಿಯುವುದು ಖಾತರಿ.

ಮಿಕ್ಕ ಸಾರಿನಲ್ಲಿ ಕಾಯಿ ಇರುವುದರಿಂದ ಬೇಸಿಗೆಯಲ್ಲಿ ಬೇಗ ಹಳಸುತ್ತದೆ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಇಡಿ. ಮಾರನೇ ದಿನ ಬೇಕಾದಷ್ಟನ್ನೇ ಬೇರೆ ಪಾತ್ರೆಗೆ ತೆಗೆದು, ಕಾಲು ಲೋಟ ಬಿಸಿನೀರು ಬೆರೆಸಿ, ಒಮ್ಮೆ ಚೆನ್ನಾಗಿ ಕುದಿ ಬರಿಸಿ. ಉಳಿದದ್ದನ್ನು ಮತ್ತೆ ಮತ್ತೆ ಕಾಯಿಸಬೇಡಿ.